ಹಕ್ಕಿ ಚೆನ್ನಾಗಿದೆ, ಹುಣಸೆಮರ ತೆಗೀರಿ

ಕಗ್ಗಲಡುವಿನಲ್ಲಿ ತೆಗೆದ ಒಂದು ಫೋಟೊ ನನ್ನ ಹತ್ತಿರ ಇದೆ. ಬಣ್ಣದ ಕೊಕ್ಕರೆಯೊಂದು ಕಡ್ಡಿ ಕಚ್ಚಿಕೊಂಡು ಹುಣಸೆಮರದ ನೆತ್ತಿಗೆ ಇಳಿಯುತ್ತಿದೆ. ರೆಕ್ಕೆ ಪೂರಾ ಬಿಚ್ಚಿದೆ, ಕಾಲು ಮುಂದಕ್ಕೆ ಚಾಚಿದೆ. ಮರದ ಕೆಳಗೆ ಹೆಂಚಿನ ಮನೆ, ಪಕ್ಕದಲ್ಲಿ ಕಪ್ಪು ಸಿಂಟೆಕ್ಸ್ ಟ್ಯಾಂಕು, ಅಂಗಳದ ಹಗ್ಗದ ಮೇಲೆ ಒಣಹಾಕಿದ ಕೆಂಪು ಸೀರೆ, ಸುಣ್ಣ ಚೆಲ್ಲಿದಂತೆ ಹಿಕ್ಕೆ ಬಿದ್ದ ನೆಲ. ಇದನ್ನೊಂದು ಸ್ಪರ್ಧೆಗೆ ಕಳಿಸಿದ್ದೆ. ಬಂದ ಟಿಪ್ಪಣಿ ಒಂದೂವರೆ ಸಾಲಿನದು: ‘ಹಕ್ಕಿ ಚೆನ್ನಾಗಿದೆ. ಹಿನ್ನೆಲೆ ತೀರಾ ಗಜಿಬಿಜಿ, ಮರ ಮನೆ ತೆಗೆದಿದ್ದರೆ ಗೆಲ್ಲುವ ಚಿತ್ರ.’

ಗೂಡಿನ ಹತ್ತಿರದ ಚಿತ್ರ ಎಂದು ತಳ್ಳಿಹಾಕಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಗೂಡು ಕಟ್ಟುವ ಹಕ್ಕಿಗೆ ಕಿರಿಕಿರಿಯಾಗುತ್ತದೆ ಎಂದು ಈಗ ಹಲವು ಸ್ಪರ್ಧೆಗಳಲ್ಲಿ ಅಂಥ ಚಿತ್ರ ತೆಗೆದುಕೊಳ್ಳುವುದೇ ಇಲ್ಲ. ಅದು ಸರಿ ಕೂಡ. ಆದರೆ ಇವರ ಆಕ್ಷೇಪ ಇದ್ದದ್ದು ಹುಣಸೆಮರದ ಮೇಲೆ. ಶಿರಾ ತಾಲ್ಲೂಕಿನ ಆ ಊರಿನಿಂದ ಹುಣಸೆಮರ ತೆಗೆದರೆ ಕೊಕ್ಕರೆಗೆ ಅಲ್ಲೇನು ಕೆಲಸ?

ಇದು ನನ್ನೊಬ್ಬನ ಗೋಳಾಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಶಾಲೆಗಳಿಗೆ ಚಾರ್ಟು, ಪುಸ್ತಕಗಳಿಗೆ ರೇಖಾಚಿತ್ರ ಬರೆದುಕೊಂಡು, ರಜೆ ಸಿಕ್ಕರೆ ಕ್ಯಾಮೆರಾ ಹೆಗಲಿಗೇರಿಸುವ ನನ್ನಂಥವರು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈಗ ಬೇಕಾದಷ್ಟು ಮಂದಿ ಇದ್ದಾರೆ. ಹಕ್ಕಿ ಹಿಂದೆಂದೂ ಇಷ್ಟೊಂದು ಚಿತ್ರಕ್ಕೆ ಸಿಕ್ಕಿದ್ದಿಲ್ಲ. ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಮಿಂಚುಳ್ಳಿ, ಕಾಫಿ ಅಂಗಡಿಯ ಗೋಡೆಯಲ್ಲಿ ಗೂಬೆ, ಬ್ಯಾಂಕಿನ ಕ್ಯಾಲೆಂಡರಿನಲ್ಲಿ ರಾಜಹಕ್ಕಿ, ಮೊಬೈಲ್ ಕವರಿನ ಮೇಲೂ ಒಂದು ಗಿಳಿ. ಒಂದೊಂದೂ ಗರಿ ಎಣಿಸಬಹುದಾದಷ್ಟು ಸ್ಪಷ್ಟ. ಆದರೆ ಆ ಹಕ್ಕಿ ಎಲ್ಲಿ ಕೂತಿದೆ ಎಂದು ಕೇಳಿ ನೋಡಿ. ಹಸಿರು ಮಂಜಿನಲ್ಲಿ, ಬೂದು ಮಂಜಿನಲ್ಲಿ, ಕಂದು ಮಂಜಿನಲ್ಲಿ. ನಮ್ಮ ಕಾಲದ ಚಿತ್ರ ಹಕ್ಕಿಯನ್ನು ಬರೆಯುವುದರಲ್ಲಿ ಪಳಗಿ, ಅದು ಕೂತ ಜಾಗವನ್ನು ಮರೆತುಬಿಟ್ಟಿದೆ. ಬಯಲುಸೀಮೆಯಲ್ಲಂತೂ ಕತೆ ಇರುವುದೆಲ್ಲ ಆ ಜಾಗದಲ್ಲೇ.

ಕಗ್ಗಲಡುವನ್ನೇ ನೋಡಿ. 1999ರಲ್ಲಿ ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನವರು ಈ ಕೊಕ್ಕರೆ ತಾಣವನ್ನು ಹೊರಗಿನವರ ಗಮನಕ್ಕೆ ತಂದರು. ಊರಿನವರಿಗೆ ಅದಕ್ಕೂ ಮೊದಲೇ ಗೊತ್ತಿತ್ತು ಅನ್ನುವುದು ಬೇರೆ ಮಾತು. ಬೇಸಿಗೆ ಏರುವ ಮೊದಲು ಬಂದು, ಮನೆಗಳ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟಿ, ಮಳೆಗಾಲದ ನಡುವೆ ಮರಿ ಹಾರಿಸಿಕೊಂಡು ಹೋಗುತ್ತವೆ. ಜೊತೆಗೆ ಬೂದು ಬಕಗಳೂ ಇರುತ್ತವೆ. ಹುಣಸೆ ಬಡಿಯುವ ಕಾಲವೂ ಅದೇ. ತುಮಕೂರಿನ ಹುಣಸೆ ಮಾರುಕಟ್ಟೆ ಎಂಥದ್ದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಗೂಡಿರುವ ಮರಕ್ಕೆ ಕೋಲು ಹಾಕುವಂತಿಲ್ಲ ಅಂದರೆ ಆ ಮರದ ಫಸಲು ಹಕ್ಕಿಗೆ ಬಿಟ್ಟಂತೆ. ಮೇಲಿಂದ ಮೀನಿನ ವಾಸನೆ, ತಲೆಯ ಮೇಲೆ ಹಿಕ್ಕೆ. ಅಷ್ಟನ್ನೂ ಸಹಿಸಿಕೊಂಡ ಅಂಗಳವೇ ಆ ಚಿತ್ರದ ‘ಗಜಿಬಿಜಿ’.

ಇನ್ನೊಂದು ಬೆಳಗ್ಗೆ ಅದೇ ಅಂಗಳದಲ್ಲಿ ಬೆಂಗಳೂರಿನ ಇಬ್ಬರು ಟ್ರೈಪಾಡ್ ಊರಿ ನಿಂತಿದ್ದರು. ಒಬ್ಬರು ಮನೆಯ ಹೆಣ್ಣುಮಗಳಿಗೆ ಬಹಳ ಮರ್ಯಾದೆಯಿಂದಲೇ ಕೇಳಿದರು: ‘ಅಕ್ಕಾ, ಆ ಸೀರೆ ಸ್ವಲ್ಪ ಎತ್ಕೊಳ್ತೀರಾ? ಫ್ರೇಮಲ್ಲಿ ಬರ್ತಿದೆ.’ ಆಕೆ ಕಸಬರಿಗೆ ನಿಲ್ಲಿಸಿ ಮೇಲೆ ನೋಡಿದಳು, ಕೆಳಗೆ ನೋಡಿದಳು. ‘ಬ್ಯಾರೆ ಕಡೆ ಎಲ್ಲಿ ಹಾಕ್ಲಪ್ಪ? ಈ ಕಡೆ ಒಂದೇ ಹಿಕ್ಕೆ ಬೀಳಲ್ಲ, ಅದ್ಕೇ ಇಲ್ಲಿ ಹಗ್ಗ ಕಟ್ಟಿರೋದು.’ ಯಾವ ರೆಂಬೆಯಲ್ಲಿ ಎಷ್ಟು ಗೂಡಿದೆ, ಗಾಳಿ ಯಾವ ಕಡೆಯದು, ಮರಿ ಎಷ್ಟು ಬೆಳೆದಿವೆ ಅನ್ನುವ ಲೆಕ್ಕವೆಲ್ಲ ಆ ಹಗ್ಗ ಕಟ್ಟಿದ ಜಾಗದಲ್ಲಿತ್ತು. ಲೆನ್ಸಿನವರಿಗೆ ಅದು ಅಡ್ಡ ಬಂದ ಕೆಂಪು.

ಅವರನ್ನು ದೂರಿ ಪ್ರಯೋಜನವಿಲ್ಲ. ಅವರ ಕೈಯಲ್ಲಿದ್ದ ಯಂತ್ರವೇ ಹಾಗೆ ನೋಡುವಂಥದ್ದು. ದೂರದ್ದನ್ನು ಹತ್ತಿರ ತರುವ 600 ಎಂಎಂ ಲೆನ್ಸನ್ನು ಹತ್ತು ಮೀಟರ್ ದೂರದ ಹಕ್ಕಿಗೆ ಹಿಡಿದರೆ, ಫುಲ್‌ಫ್ರೇಮ್ ಕ್ಯಾಮೆರಾದ ಕಣ್ಣಿಗೆ ಬೀಳುವುದು ಅಗಲ 60 ಸೆಂಟಿಮೀಟರ್, ಎತ್ತರ 40 ಸೆಂಟಿಮೀಟರ್. ಒಂದು ಮೊರದಷ್ಟು ಜಾಗ. ಅಪರ್ಚರನ್ನು, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, 6.3ಕ್ಕೆ ಇಟ್ಟರೆ ಆ ಮೊರದೊಳಗೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಹತ್ತು ಸೆಂಟಿಮೀಟರ್, ಅರ್ಧ ಗೇಣು. ಅದರ ಹಿಂದಿನದೆಲ್ಲ ಕಲಸಿ ಮೊಸರಾಗುತ್ತದೆ. 2020ರ ಈಚೆಗೆ ಬಂದ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕಿ ಹಿಡಿದುಕೊಳ್ಳುತ್ತವೆ. ಹಿಂದೆ ಹಾರುವ ಹಕ್ಕಿಗೆ ಫೋಕಸ್ ಮಾಡುವುದೇ ಒಂದು ವಿದ್ಯೆಯಾಗಿತ್ತು; ಈಗ ಅದು ಬಟನ್ ಒತ್ತುವ ಕೆಲಸ. ಹಾಗಾಗಿ ಒಬ್ಬರ ಚಿತ್ರಕ್ಕೂ ಇನ್ನೊಬ್ಬರ ಚಿತ್ರಕ್ಕೂ ವ್ಯತ್ಯಾಸ ತೋರಿಸಲು ಉಳಿದಿರುವುದು ಒಂದೇ, ಹಿನ್ನೆಲೆ ಎಷ್ಟು ನುಣುಪಾಗಿದೆ ಅನ್ನುವುದು. ನಮ್ಮ ಫೋಟೊ ಗೆಳೆಯರು ಇದಕ್ಕೆ ‘ಕ್ರೀಮಿ’ ಅನ್ನುತ್ತಾರೆ. ಬೆಣ್ಣೆ ಅಂತಲೂ ಕೇಳಿದ್ದೇನೆ. ಜೊತೆಗೆ ಚಿತ್ರ ನೋಡುವುದು ಅಂಗೈಯಗಲದ ಪರದೆಯಲ್ಲಿ. ಅಲ್ಲಿ ಮರ, ಮನೆ, ಕೆರೆ ಎಲ್ಲ ತುಂಬಿಸಿದರೆ ಹಕ್ಕಿ ಸಾಸಿವೆ ಕಾಳಾಗುತ್ತದೆ, ಬೆರಳು ಮುಂದಕ್ಕೆ ಜಾರುತ್ತದೆ.

ಇದೆಲ್ಲ ಕ್ಯಾಮೆರಾದ ಪಾಪ ಅಂತಲೂ ಹೇಳಲಾಗದು. ಹಕ್ಕಿಯನ್ನು ಜಾಗದಿಂದ ಎತ್ತಿ ಬಿಳಿ ಹಾಳೆಯ ಮೇಲಿಡುವ ಅಭ್ಯಾಸ ಹಳೆಯದು. 1777ರಿಂದ 1782ರವರೆಗೆ ಕಲ್ಕತ್ತದಲ್ಲಿ ಮೇರಿ ಇಂಪೆ ಎಂಬ ಇಂಗ್ಲಿಷ್ ಮಹಿಳೆಗಾಗಿ ಪಟ್ನಾ ಕಡೆಯ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಎಂಬ ಮೂವರು ಕಲಾವಿದರು ಮುನ್ನೂರಕ್ಕೂ ಹೆಚ್ಚು ಚಿತ್ರ ಬರೆದರು. ಅರ್ಧಕ್ಕಿಂತ ಹೆಚ್ಚು ಹಕ್ಕಿಗಳವು. ಮೊಘಲ್ ಕುಂಚದ ನಾಜೂಕೆಲ್ಲ ಆ ಗರಿಗಳಲ್ಲಿದೆ. ಸುತ್ತ ಮಾತ್ರ ಇಂಗ್ಲಿಷರ ಬಿಳಿ ಕಾಗದ. ಜೈನುದ್ದೀನ್ ಒಂದು ರೆಂಬೆ, ಎರಡು ಎಲೆ, ಕೆಲವೊಮ್ಮೆ ಒಂದು ಹುಳ ಬರೆದು ಹಕ್ಕಿಗೆ ಕೂರಲು ಜಾಗ ಮಾಡಿಕೊಟ್ಟ. ಅಮೆರಿಕದ ಹಕ್ಕಿಗಳನ್ನು ನಿಜಗಾತ್ರದಲ್ಲಿ 435 ಹಾಳೆಗಳಲ್ಲಿ ಅಚ್ಚು ಹಾಕಿಸಿದ ಆಡುಬಾನ್ ಕತೆ ಇನ್ನೂ ಸ್ವಾರಸ್ಯವಾಗಿದೆ. ಆತ ಹಕ್ಕಿಯನ್ನು ಗುಂಡಿಟ್ಟು ಕೊಂದು, ತಂತಿ ಚುಚ್ಚಿ ನಿಲ್ಲಿಸಿ, ಜೀವಂತ ಇದ್ದಂತೆ ಬರೆಯುತ್ತಿದ್ದ. ಆ ಹಕ್ಕಿಗಳ ಸುತ್ತಲ ಗಿಡ, ಹೂವು ಅನೇಕ ಹಾಳೆಗಳಲ್ಲಿ ಬೇರೆಯವರವು. ಮೊದಮೊದಲು ಬರೆದವನು ಜೋಸೆಫ್ ಮೇಸನ್ ಎಂಬ ಹುಡುಗ. 1820ರಲ್ಲಿ ಆಡುಬಾನ್ ಜೊತೆ ಹೊರಟಾಗ ಹದಿಮೂರು ವರ್ಷ. ಅಚ್ಚಾದ ಹಾಳೆಗಳಲ್ಲಿ ಅವನ ಹೆಸರಿಲ್ಲ. ಹಿನ್ನೆಲೆ ಬರೆದವನೇ ಹಿನ್ನೆಲೆಗೆ ಸರಿದುಹೋದ.

ಬಿಳಿ ಕಾಗದಕ್ಕೆ ಒಂದು ನ್ಯಾಯವೂ ಇದೆ. ಹಕ್ಕಿ ಗುರುತಿಸುವ ಕೈಪಿಡಿಗೆ ಅದೇ ಬೇಕು. ಕೆಮ್ಮೀಸೆ ಪಿಕಳಾರವೋ (ಬುಲ್‌ಬುಲ್) ಕೆಂಪು ಕಿಬ್ಬೊಟ್ಟೆಯದೋ ಎಂದು ಹುಡುಕುವವನಿಗೆ ಮರದ ಎಲೆ ಎಣಿಸುವ ವ್ಯವಧಾನ ಇರುವುದಿಲ್ಲ. ಆದರೆ ಕೈಪಿಡಿಯ ಹಾಳೆ ಇರುವುದು ಹೆಸರು ಹೇಳಲಿಕ್ಕೆ. ಅದರ ರೀತಿಯನ್ನೇ ಗೋಡೆಗೆ ತೂಗುಹಾಕುವ ಚಿತ್ರಕ್ಕೂ ತಂದುಕೊಂಡಿದ್ದೇವೆ ಅನ್ನಿಸುತ್ತದೆ ನನಗೆ.

ಹಳೆಯ ಫೋಟೊಗ್ರಫಿಯನ್ನು ಈ ವಿಷಯದಲ್ಲಿ ಹೊಗಳಿಬಿಡುವುದು ಸುಲಭ. ಬೆಂಗಳೂರಿನ ಓ.ಸಿ. ಎಡ್ವರ್ಡ್ಸ್, ಅವರ ಶಿಷ್ಯ ಟಿ.ಎನ್.ಎ. ಪೆರುಮಾಳ್ ಅವರ ಕಾಲದಲ್ಲಿ ಒಂದು ಹಕ್ಕಿ ಚಿತ್ರಕ್ಕೆ ಮರೆಯೊಳಗೆ ದಿನಗಟ್ಟಲೆ ಕೂರಬೇಕಿತ್ತು. ಕೂತವರಿಗೆ ಜಾಗ ಗೊತ್ತಾಗದೆ ಇರುತ್ತದೆಯೇ? ಆದರೆ ಫಿಲ್ಮು ನಿಧಾನದ್ದು, ಫ್ಲ್ಯಾಶ್ ಬೇಕು, ಹಕ್ಕಿ ಮತ್ತೆ ಮತ್ತೆ ಒಂದೇ ಕಡೆ ಬರಬೇಕು. ಹಾಗಾಗಿ ಆ ಕಾಲದ ಬಹಳಷ್ಟು ಚಿತ್ರಗಳು ಗೂಡಿನ ಬಾಯಲ್ಲಿ ತೆಗೆದಂಥವು. ಫ್ಲ್ಯಾಶಿನ ಹಿಂದೆ ಕಗ್ಗತ್ತಲು. ಮೊಸರು ಹಿನ್ನೆಲೆಗೆ ಬದಲು ಮಸಿ ಹಿನ್ನೆಲೆ, ಅಷ್ಟೇ. ಈಗಿನವರು ಗೂಡು ಬಿಟ್ಟು ದೂರ ನಿಂತು ತೆಗೆಯುವುದು ಹಕ್ಕಿಗೆ ಒಳ್ಳೆಯದೇ ಆಯಿತು.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋದರೆ ಬೇರೊಂದು ದಾರಿ ಕಾಣುತ್ತದೆ. 13ನೇ ಶತಮಾನದ ಚೆನ್ನಕೇಶವ ದೇವಾಲಯ. ಜಗತಿಯ ಮೇಲೆ ಸುತ್ತಲೂ ಪಟ್ಟಿಕೆಗಳು. ಆನೆ, ಕುದುರೆ, ಬಳ್ಳಿ, ಮಕರ, ಅದರ ಮೇಲೆ ಹಂಸದ ಸಾಲು. ಬಗ್ಗಿ ಹತ್ತಿರದಿಂದ ನೋಡಿ. ಹಂಸದ ಕೊರಳು, ಎದೆ, ಕಾಲು ಹಕ್ಕಿಯದೇ. ಬಾಲಕ್ಕೆ ಬರುವಷ್ಟರಲ್ಲಿ ಗರಿ ಸುರುಳಿಯಾಗಿ, ಸುರುಳಿ ಎಲೆಯಾಗಿ, ಬಳ್ಳಿಯಾಗಿ ಹಿಂದಿನ ಕಲ್ಲಿಗೆ ಸೇರಿಹೋಗುತ್ತದೆ. ಹಕ್ಕಿ ಎಲ್ಲಿ ಮುಗಿಯಿತು, ಬಳ್ಳಿ ಎಲ್ಲಿ ಶುರುವಾಯಿತು ಅಂತ ಉಗುರಿಟ್ಟು ತೋರಿಸಲಾಗುವುದಿಲ್ಲ. ರೂವಾರಿಗೆ ಹಕ್ಕಿ ಬೇರೆ, ಅದರ ಜಾಗ ಬೇರೆ ಅನ್ನಿಸಿರಲಿಲ್ಲವೋ, ಅಥವಾ ಪಟ್ಟಿಕೆ ತುಂಬಿಸಲು ಅದೊಂದು ಉಪಾಯವೋ. ಎರಡೂ ಇರಬಹುದು.

ಆ ಹಂಸ ಯಾವ ಹಕ್ಕಿ ಅನ್ನುವ ಜಗಳವೂ ಇದೆ. ನಮ್ಮ ಮದುವೆ ಪತ್ರಿಕೆಯಲ್ಲಿ ಕತ್ತು ಬಳುಕಿಸಿ ಹೃದಯಾಕಾರ ಮಾಡಿ ನಿಲ್ಲುವ ಬಿಳಿ ಹಂಸ ಯುರೋಪಿನದು, ನಮ್ಮ ಕೆರೆಗಳಿಗೆ ಬರುವುದಿಲ್ಲ. ಸಂಸ್ಕೃತದವರ ಹಂಸ ಅಂದರೆ ಹಿಮಾಲಯ ದಾಟಿ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಅದು ಕರ್ನಾಟಕದ ಕೆರೆಗಳಿಗೂ ಬರುತ್ತದೆ. ಹೊಲಕ್ಕಿಳಿದು ಕಾಳು ಮೇಯುವ, ಕತ್ತು ಗಿಡ್ಡ, ಮೈ ಬೂದಿ ಬಣ್ಣದ ಬಾತು. ಅದನ್ನು ಲಗ್ನಪತ್ರಿಕೆಗೆ ಹಾಕಿ ಅಂದರೆ ಪ್ರೆಸ್ಸಿನವರು ನಗುತ್ತಾರೆ.

ಸರ್ಕಾರಿ ಶಾಲೆಯ ಕಾಂಪೌಂಡುಗಳ ಮೇಲೂ ಇದೇ. ಮಧುಗಿರಿ ಕಡೆಯ ರಸ್ತೆಯಲ್ಲಿ ಹೋಗುತ್ತಾ ನಾನೊಂದು ಲೆಕ್ಕ ಇಟ್ಟಿದ್ದೆ: ನವಿಲು, ಗಿಳಿ, ಹಂಸ, ಪಾರಿವಾಳ, ಮತ್ತೆ ನವಿಲು. ಒಂದು ಕಡೆ ಪೆಂಗ್ವಿನ್. ಗೋಡೆ ಬರೆಯುವ ಗೆಳೆಯನೊಬ್ಬನನ್ನು ಕೇಳಿದೆ, ನೀಲಕಂಠ ಯಾಕೆ ಬರೆಯಲ್ಲ, ಅದು ರಾಜ್ಯಪಕ್ಷಿ ತಾನೆ? ಅವನು ಮೊಬೈಲು ತೆಗೆದು ತೋರಿಸಿದ: ಹುಡುಕಿದರೆ ಸಿಗುವ ಚಿತ್ರಗಳಲ್ಲಿ ಅರ್ಧ, ತಂತಿ ಮೇಲೆ ಮುದುಡಿ ಕೂತ ಕಂದು ಹಕ್ಕಿ. ‘ಇದನ್ನ ಬರೆದ್ರೆ ಗೊರವಂಕಕ್ಕೆ ಕೂಲಿ ಯಾಕೆ ಕೊಡ್ಬೇಕು ಅಂತಾರೆ ಹೆಡ್ಮಾಸ್ಟ್ರು.’ ಅವನ ಮಾತಿನಲ್ಲಿ ಅರ್ಥವಿದೆ. ನೀಲಕಂಠದ ನೀಲಿ ಮುಖ್ಯವಾಗಿ ರೆಕ್ಕೆಯಲ್ಲಿ. ತಂತಿಯಿಂದ ಕೊಯ್ದ ರಾಗಿ ಹೊಲಕ್ಕೆ ಮಿಡತೆ ಹಿಡಿಯಲು ಧುಮುಕಿದಾಗ ತಟ್ಟನೆ ಎರಡು ನೀಲಿ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಆ ಹಕ್ಕಿಯನ್ನು ಬರೆಯಬೇಕಾದರೆ ತಂತಿ ಬರೆಯಬೇಕು, ಹೊಲ ಬರೆಯಬೇಕು, ನಡುವಿನ ಗಾಳಿ ಬರೆಯಬೇಕು. ನವಿಲಿಗೆ ಅದ್ಯಾವುದೂ ಬೇಡ, ತನ್ನ ಹಿನ್ನೆಲೆಯನ್ನು ತಾನೇ ಬಿಚ್ಚಿಕೊಂಡು ನಿಲ್ಲುತ್ತದೆ.

ದೇಶದ 30,000 ಹಕ್ಕಿವೀಕ್ಷಕರು ಇ-ಬರ್ಡ್ ಎಂಬ ಆನ್‌ಲೈನ್ ದಾಖಲೆಗೆ ಸೇರಿಸಿದ ಪಟ್ಟಿಗಳನ್ನು ಆಧರಿಸಿ 2023ರಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಅದರ ಪ್ರಕಾರ ನವಿಲು ಹೆಚ್ಚುತ್ತಿದೆ. ನೀಲಕಂಠ ಇಳಿಯುತ್ತಿದೆ, ಅಳಿವಿನಪಾಯದ ಪಟ್ಟಿಯಲ್ಲಿ ಅದರ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕೆಂದು ಹೆಸರಿಸಿದ 14 ಹಕ್ಕಿಗಳಲ್ಲಿ ಅದೂ ಒಂದು. ಇಳಿಯುತ್ತಿರುವುದರಲ್ಲಿ ಬಯಲು, ಹುಲ್ಲುಗಾವಲು, ಬೀಳುಭೂಮಿಯನ್ನೇ ನಂಬಿಕೊಂಡ ಹಕ್ಕಿಗಳು ಬಹಳ. ಬಯಲು ಅಂದರೆ ನಮ್ಮ ಕಣ್ಣಿಗೆ ಏನೂ ಇಲ್ಲದ ಜಾಗ. ಸರ್ಕಾರಿ ಕಡತದಲ್ಲಿ ಖರಾಬು, ಫೋಟೊದಲ್ಲಿ ಮೊಸರು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿತು. ಅದು ಬೇಡವಾಗಿತ್ತು ಅನ್ನುವುದು ನನ್ನ ವಾದವಲ್ಲ, ಅಲ್ಲಿನ ರೈತರಿಗೆ ಗುತ್ತಿಗೆ ಹಣ ಬರುತ್ತಿದೆ. ಆದರೆ ಗಾಜಿನ ಹಲಗೆಗಳ ಸಾಲಿನ ನಡುವೆ ಟಿಟ್ಟಿಭವೊಂದು ಕೂಗಾಡುತ್ತಾ ಓಡುವುದನ್ನು ನಾನೇ ನೋಡಿದ್ದೇನೆ. ಅಂಥ ಚಿತ್ರ ಯಾವ ಕ್ಯಾಲೆಂಡರಿನಲ್ಲೂ ಸಿಗದು.

ಕೋಲಾರದ ಕೆರೆಗಳದ್ದು ಇದಕ್ಕೆ ಉಲ್ಟಾ ಕತೆ. ಅಲ್ಲಿ ಜಾಗವೇ ಹಕ್ಕಿಗಳನ್ನು ಕರೆಯಿತು. 2018ರ ಜೂನ್‌ನಲ್ಲಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು; ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರ್ ಹರಿಸುವ ಗುರಿ. ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಇನ್ನೊಂದು 21 ಕೋಟಿ ಲೀಟರ್. ವರ್ಷವಿಡೀ ಹರಿಯುವ ನದಿಯಿಲ್ಲದ, ಬೋರ್‌ವೆಲ್ ಸಾವಿರ ಅಡಿ ದಾಟಿದ ಜಿಲ್ಲೆಯಲ್ಲಿ ಕೆರೆ ತುಂಬಿದ್ದನ್ನು ನೋಡಿ ಜನ ಬಾಗಿನ ಕೊಟ್ಟರು. ನೊರೆ ಎದ್ದದ್ದನ್ನು ನೋಡಿ ಹೆದರಿದರು. ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯದೂ ಬೇಕೇ ಎಂಬ ವಾದ ಕೋರ್ಟು ಮೆಟ್ಟಿಲೇರಿತು. ಹಕ್ಕಿಗಳು ತೀರ್ಪಿಗೆ ಕಾಯಲಿಲ್ಲ. ನರಸಾಪುರದ ಏರಿ ಮೇಲೆ ನಿಂತು ನೋಡಿದರೆ ನೀರುಕಾಗೆ, ಹಾವಕ್ಕಿ, ಬಣ್ಣದ ಕೊಕ್ಕರೆ, ನೀರನ್ನು ಅತ್ತಿಂದಿತ್ತ ಜಾಲಾಡುವ ಚಮಚಕೊಕ್ಕಿನ ಸಾಲು. ಹಿಂದೆಯೇ ಲೆನ್ಸುಗಳೂ ಬಂದವು.

ಅಲ್ಲಿ ಎಲ್ಲರೂ ತೆಗೆಯುವ ಒಂದು ಚಿತ್ರವಿದೆ. ನೀರಿನ ನಡುವೆ ಒಣಗಿ ನಿಂತ ಕರಿಯ ಕೊಂಬೆ, ಅದರ ಮೇಲೆ ರೆಕ್ಕೆ ಚಾಚಿ ಬಿಸಿಲು ಕಾಯಿಸುವ ಹಾವಕ್ಕಿ, ಹಿಂದೆ ನೀಲಿ ನೀರು. ಬಹಳ ಚೆಂದದ ಚಿತ್ರ, ನಾನೂ ತೆಗೆದಿದ್ದೇನೆ. ಆ ಕೊಂಬೆ ಬಳ್ಳಾರಿ ಜಾಲಿಯದು. ಕೆರೆಯಂಗಳದ ನಟ್ಟನಡುವೆ ಜಾಲಿ ಅಷ್ಟೆತ್ತರ ಬೆಳೆಯಬೇಕಾದರೆ ಆ ಕೆರೆ ಎಷ್ಟು ವರ್ಷ ಬತ್ತಿತ್ತು, ಅದು ಸತ್ತು ನಿಲ್ಲಬೇಕಾದರೆ ನೀರು ಎಷ್ಟು ಕಾಲದಿಂದ ಇಳಿಯದೆ ನಿಂತಿದೆ. ಬರಗಾಲದ ಮತ್ತು ಬೆಂಗಳೂರಿನ ಲೆಕ್ಕ ಎರಡನ್ನೂ ಒಂದೇ ಕೊಂಬೆ ಹೇಳುತ್ತದೆ. ಚಿತ್ರದ ಕೆಳಗಿನ ಸಾಲಿನಲ್ಲಿ ಮಾತ್ರ ಹಾವಕ್ಕಿಯ ಹೆಸರು, ಷಟರ್ ವೇಗ, ಐಎಸ್‌ಒ. ಇಷ್ಟು ನೀಲಿ ನೀರು ಯಾವ ಊರಿನ ಬಚ್ಚಲಿಂದ ಬಂತು ಅಂತ ಒಂದು ಪದವಿಲ್ಲ. ನಾನು ಬರೆದಿದ್ದೆನೇ? ಇಲ್ಲ. ನೂರಾರು ಲೈಕು ಬಂದಿದ್ದವು, ಸುಮ್ಮನಿದ್ದೆ.

ನಂದಿ ಬೆಟ್ಟದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. 1,478 ಮೀಟರ್ ಎತ್ತರ, ಹಳೆಯ ದೊಡ್ಡ ಮರಗಳು, ಚಳಿಗಾಲದಲ್ಲಿ ಹಿಮಾಲಯದಿಂದ ಬರುವ ನೊಣಹಿಡುಕಗಳು, ನೆಲಸಿಳ್ಳಾರಗಳು. ಭಾನುವಾರ ಬೆಳಗ್ಗೆ ಹಕ್ಕಿಗಿಂತ ಕ್ಯಾಮೆರಾ ಹೆಚ್ಚು. ಅಲ್ಲಿ ನಾನು ಕಂಡ ಅತ್ಯಂತ ಸುಂದರವಾದ ನೀಲಿ ರಾಬಿನ್ ಕೂತಿದ್ದದ್ದು ಕಸದ ಗುಂಡಿಯ ಅಂಚಿನಲ್ಲಿ. ಕೊಳೆತ ಎಲೆ, ಅನ್ನ, ಅದಕ್ಕೆ ಹುಳ, ಹುಳಕ್ಕೆ ಹಕ್ಕಿ. ಆರು ಮಂದಿ ಮೂಗು ಮುಚ್ಚಿಕೊಂಡು ತೆಗೆದೆವು. ಆರು ಚಿತ್ರದಲ್ಲೂ ರಾಬಿನ್ ದಟ್ಟ ಕಾಡಿನಲ್ಲಿದೆ.

ಅದೇ ಬೆಟ್ಟದ ಬಂಡೆಗಳಲ್ಲಿ, ದೇವರಾಯನದುರ್ಗದ ಬಂಡೆಗಳಲ್ಲೂ, ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣದ ಪರ್ಯಾಯದ್ವೀಪ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ, ಅಳಿವಿನ ಅಪಾಯದ ಪಟ್ಟಿಯಲ್ಲಿರುವುದು. ಅದಕ್ಕೆ ಬೇಕಾದದ್ದು ಗುಂಡುಬಂಡೆ, ಸಂದಿಯಲ್ಲಿ ಅತ್ತಿ ಜಾತಿಯ ಗಿಡ, ಸುತ್ತ ಕುರುಚಲು. ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಲಾರಿಗೇರಿ ಹೋಗುತ್ತಿರುವುದೂ ಬಂಡೆಯೇ. ಈ ಹಕ್ಕಿಯ ಚಿತ್ರದಲ್ಲಿ ಬಂಡೆಯನ್ನು ಮಸುಕು ಮಾಡಿದರೆ ಉಳಿಯುವುದು ಹಳದಿ ತಲೆಯ ಇನ್ನೊಂದು ಪಿಕಳಾರ. ಬಂಡೆಯನ್ನು ಸ್ಪಷ್ಟವಾಗಿ ಇಟ್ಟರೆ, ಕೆಲವು ಕಡೆ ಅದರ ಮೇಲಿನ ಡ್ರಿಲ್ಲಿನ ಉದ್ದುದ್ದ ಗೆರೆಯೂ ಬರುತ್ತದೆ.

ಈಗ ಎಐ ಬಂದಿದೆ. ‘ಮರದ ಮೇಲೆ ಕೊಕ್ಕರೆ’ ಅಂತ ಟೈಪು ಮಾಡಿ ನೋಡಿದೆ. ಕ್ಷಣದಲ್ಲಿ ನಾಲ್ಕು ಕೊಕ್ಕರೆ ಬಂದವು. ನಾಲ್ಕಕ್ಕೂ ಮೊಸರು ಹಿನ್ನೆಲೆ. ನಾವು ಏನನ್ನು ಒಳ್ಳೆಯ ಹಕ್ಕಿ ಚಿತ್ರ ಎಂದು ಲಕ್ಷಗಟ್ಟಲೆ ಹಂಚಿಕೊಂಡೆವೋ ಅದನ್ನೇ ಯಂತ್ರ ಕಲಿತು ವಾಪಸು ಕೊಡುತ್ತಿದೆ. ಹಾಗಾದರೆ ನುಣುಪು ಹಿನ್ನೆಲೆಯ ಕೊಕ್ಕರೆಗಾಗಿ ಇನ್ನು ಯಾರೂ ಎರಡು ಲಕ್ಷದ ಲೆನ್ಸು ಕೊಳ್ಳಬೇಕಿಲ್ಲ. ಹಿಕ್ಕೆ ಬೀಳದ ಕಡೆ ಹಗ್ಗ ಕಟ್ಟಿದ ಅಂಗಳ ಮಾತ್ರ ಅದಕ್ಕೆ ಟೈಪು ಮಾಡಿದವನು ಹೇಳದೆ ಬಾರದು, ಹೇಳಬೇಕಾದರೆ ಅವನು ಅಲ್ಲಿಗೆ ಹೋಗಿರಬೇಕು.

ಹೊರಗೆ ಕೆಲವರು ಈ ಗಂಟನ್ನು ಬೇರೆ ಬೇರೆ ಕಡೆಯಿಂದ ಬಿಚ್ಚುತ್ತಿದ್ದಾರೆ. ಸ್ಪೇನಿನ ಕ್ಯಾಟಲೋನಿಯಾದ ಚಾವಿ ಬೋ ಹಾರುವ ಹಕ್ಕಿಯ ಒಂದೊಂದು ಕ್ಷಣವನ್ನೂ ಒಂದರ ಮೇಲೊಂದು ಜೋಡಿಸುತ್ತಾನೆ. ಅವನ ಚಿತ್ರದಲ್ಲಿ ಹಕ್ಕಿ ಕಾಣುವುದಿಲ್ಲ, ಅದು ಹಾರಿದ ದಾರಿ ಹಗ್ಗ ಹೊಸೆದಂತೆ ಆಕಾಶದಲ್ಲಿ ಉಳಿಯುತ್ತದೆ. ಸ್ವೀಡನ್ನಿನ ಹಳ್ಳಿಯೊಂದರಲ್ಲಿ ನೆಲೆಸಿದ ಸ್ಟೀಫನ್ ಗಿಲ್ ಬಯಲಿನಲ್ಲಿ ಒಂದು ಮರದ ಕಂಬ ನೆಟ್ಟು, ಎದುರಿಗೆ ಚಲನೆ ಕಂಡರೆ ತಾನೇ ಕ್ಲಿಕ್ಕಿಸುವ ಕ್ಯಾಮೆರಾ ಕಟ್ಟಿ, ಮನೆಗೆ ಹೋದ. ವರ್ಷಗಟ್ಟಲೆ ಅದೇ ಕಂಬ, ಅದೇ ಹೊಲ, ಹಿಮ, ಮಳೆ. ಹಕ್ಕಿಗಳು ಮಾತ್ರ ಬರುತ್ತವೆ, ಹೋಗುತ್ತವೆ. ಹಕ್ಕಿಯ ಹಿಂದೆ ಓಡುವುದನ್ನು ಬಿಟ್ಟು ಜಾಗ ಹಿಡಿದು ಕೂತದ್ದು. ನಮ್ಮ ಕಡೆ ಹೊಲದಲ್ಲಿ ಅಂಥ ಕಂಬ ನೆಡುವ ಕೆಲಸವೂ ಇಲ್ಲ, ಬೇಲಿಗೂಟ ಇದ್ದೇ ಇದೆ. ಕಾಜಾಣ ಬಂದು ಕೂರುತ್ತಲೇ ಇರುತ್ತದೆ.

ನನ್ನ ಮಟ್ಟಿಗೆ ದಾರಿ ತೋರಿಸಿದ್ದು ಪೆನ್ಸಿಲ್. ಕಗ್ಗಲಡುವಿನ ಕಟ್ಟೆಯ ಮೇಲೆ ಕೂತು ಕೊಕ್ಕರೆ ಬರೆಯಲು ಹೊರಟರೆ ಮೊದಲು ಕಾಡುವುದು ಕೊಕ್ಕಿನ ತುದಿಯ ಆ ಸಣ್ಣ ಬಾಗು. ಜಾಸ್ತಿ ಬಾಗಿಸಿದರೆ ಕೆಂಬರಲು, ನೇರ ಎಳೆದರೆ ಬೇರೆ ಕೊಕ್ಕರೆ. ಆಮೇಲೆ ಎದೆಯ ಕಪ್ಪುಬಿಳಿ ಪಟ್ಟಿ, ಬೆನ್ನ ಕೊನೆಗೆ ಕುಂಕುಮ ನೀರಿಗೆ ಬಿದ್ದಂಥ ಗುಲಾಬಿ. ಕಾಲಿಗೆ ಬಂದಾಗ ಬಣ್ಣದ ಗೊಂದಲ. ಪುಸ್ತಕದಲ್ಲಿ ಕೆಂಪಗೆ ಇರುವ ಕಾಲು ಇಲ್ಲಿ ಬೆಳ್ಳಗೆ. ಬಿಸಿಲಿನ ಝಳಕ್ಕೆ ತಂಪಾಗಲು ಅದು ತನ್ನ ಕಾಲ ಮೇಲೇ ಹಿಕ್ಕೆ ಹಾಕಿಕೊಳ್ಳುತ್ತದೆ. ಅಷ್ಟರಲ್ಲಿ ತಾಯಿಯೋ ತಂದೆಯೋ ರೆಕ್ಕೆಯನ್ನು ಅರ್ಧ ಬಿಚ್ಚಿ ಮರಿಗಳ ಮೇಲೆ ಕೊಡೆ ಹಿಡಿದು ನಿಂತಿತು. ಈ ಭಂಗಿಯನ್ನು ಫೋಟೊದಲ್ಲಿ ನೋಡಿದಾಗ ಯಾವುದೋ ನಾಟ್ಯದ ಹಾಗೆ ಕಂಡಿತ್ತು. ಬರೆಯುವಾಗ ಸೂರ್ಯ ಎಲ್ಲಿದ್ದಾನೆ ಅಂತ ಮೇಲೆ ನೋಡಬೇಕಾಯಿತು. ಹಾಳೆಯಲ್ಲಿ ಕಾಲು ಎಳೆದ ಮೇಲೆ ಅದನ್ನು ಯಾವುದರ ಮೇಲೆ ಊರಿಸಲಿ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಕ್ಯಾಮೆರಾ ಇದನ್ನು ಕೇಳುವುದಿಲ್ಲ. ರೆಂಬೆ ಬರೆದೆ. ರೆಂಬೆಗೆ ಕಾಂಡ ಬೇಕಾಯಿತು, ಕಾಂಡ ಕೆಳಗೆ ಇಳಿದು ಅಂಗಳಕ್ಕೆ ಬಂತು.

ಸ್ಪರ್ಧೆಯಲ್ಲಿ ಸೋತ ಆ ಫೋಟೊವನ್ನು ಶಿರಾದಲ್ಲಿ ಪ್ರಿಂಟು ಹಾಕಿಸಿ ಆ ಮನೆಗೆ ಒಯ್ದು ಕೊಟ್ಟೆ. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಂಚು ಹಿಡಿದು ನೋಡಿದಳು. ಕೊಕ್ಕರೆಯ ಮೇಲೆ ಕಣ್ಣು ನಿಲ್ಲಲೇ ಇಲ್ಲ. ‘ಈ ರೆಂಬೆ ಹೋದ್ ವರ್ಷ ಗಾಳಿಗೆ ಮುರೀತು ನೋಡಿ, ನಾಕು ಗೂಡಿದ್ವು’ ಅಂದಳು, ಎಡಗಡೆಯ ಮೂಲೆಗೆ ಬೆರಳಿಟ್ಟು. ನಾನು ತಲೆಯೆತ್ತಿ ನೋಡಿದೆ. ಮರದ ಆ ಕಡೆ ಬೋಳಾಗಿತ್ತು. ಕೆಳಗೆ, ಈಗ ಹಿಕ್ಕೆ ಬೀಳದ ಆ ಜಾಗದಲ್ಲಿ, ಹೊಸ ನೈಲಾನ್ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು.